ಎರಡು ನಿಮಿಷ ಸಾಲದು

ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ನಾನು ಸ್ಪೀಚ್ ಥೆರಪಿಸ್ಟ್. ಶನಿವಾರ ಬೆಳಿಗ್ಗೆ ಒಂದು ಚರ್ಚಿನ ಊಟದ ಹಾಲ್‌ನಲ್ಲಿ ಎಂಟು-ಹತ್ತು ಹುಡುಗ ಹುಡುಗಿಯರು ಸೇರುತ್ತಾರೆ, ತಮ್ಮ ಹಕ್ಕಿಗಾಗಿ ತಾವೇ ಮಾತಾಡೋದನ್ನು ಕಲಿಯೋಕೆ. ಎಲ್ಲರೂ ಕಪ್ಪು ಜನಾಂಗದವರು. ಒಬ್ಬೊಬ್ಬರದು ಒಂದೊಂದು ಅಂಗವೈಕಲ್ಯ. ನಮ್ಮಲ್ಲಿನ ‘ವಿಶೇಷಚೇತನ’ ಥರದ ನಯವಾದ ಪದ ಇವರ ಹತ್ತಿರ ನಡೆಯಲ್ಲ. “ನನ್ನಲ್ಲಿ ವಿಶೇಷ ಏನಿಲ್ಲ ಮಿಸ್, ರ‍್ಯಾಂಪ್ ಬೇಕು ಅಷ್ಟೇ” ಅಂತ ಒಬ್ಬಳು ಮೊದಲ ವಾರವೇ ಹೇಳಿಬಿಟ್ಟಳು.

ಮೊದಲ ಕೆಲವು ತಿಂಗಳು ನಾನು ಬರೀ ಪಾಠ ಮಾಡಿದೆ. ಹಕ್ಕುಗಳು, ಕಾನೂನು, ಸ್ಲೈಡು. ಅವರು ಫೋನ್ ನೋಡುತ್ತಾ ಕೂತರು. ಒಂದು ದಿನ ಒಬ್ಬ ಹುಡುಗನ ಅಜ್ಜಿ ಬಾಗಿಲಲ್ಲಿ ನಿಲ್ಲಿಸಿ ಕೇಳಿದರು: “ನೀನು ಒಳ್ಳೆಯವಳೇ ಮಗಳೇ. ಆದರೆ ಇವತ್ತು ನಮ್ಮ ಹುಡುಗರು ಒಂದು ಮಾತಾದರೂ ಆಡಿದರಾ?” ಉತ್ತರ ಇರಲಿಲ್ಲ.

ಮುಂದಿನ ವಾರ ಮಾತಾಡಿದ್ದು ಆ ಅಜ್ಜಿ. ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಅಂತ 1973ರಲ್ಲೇ ಕಾನೂನು ಬಂದಿತ್ತು, ಸರ್ಕಾರದ ದುಡ್ಡು ಪಡೆಯುವ ಎಲ್ಲ ಕಡೆಗೂ. ನಾಲ್ಕು ವರ್ಷವಾದರೂ ಅದರ ನಿಯಮಗಳಿಗೆ ಸಹಿ ಬಿದ್ದಿರಲಿಲ್ಲ. 1977ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ಹೋಗಿ ಕೂತುಬಿಟ್ಟರು. ಹತ್ತಿರ ಹತ್ತಿರ ನಾಲ್ಕು ವಾರ. ಅವರಲ್ಲಿ ಬ್ರ್ಯಾಡ್ ಲೋಮ್ಯಾಕ್ಸ್ ಅನ್ನೋನೂ ಇದ್ದ, ಗಾಲಿಕುರ್ಚಿಯಲ್ಲಿ. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವನು. ಒಳಗಿದ್ದ ಅಷ್ಟೂ ಜನಕ್ಕೆ ಪ್ಯಾಂಥರ್‌ಗಳು ಬಿಸಿ ಊಟ ತಂದು ಬಡಿಸಿದರು. ಏಪ್ರಿಲ್ 28ಕ್ಕೆ ಸಹಿ ಬಿತ್ತು. ಪ್ಯಾಂಥರ್‌ಗಳ ಹೆಸರು ನಮ್ಮ ಮಕ್ಕಳಿಗೆ ಹೊಸದೇನಲ್ಲ, ಈ ಕತೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಫೋನುಗಳು ಜೇಬಿಗೆ ಹೋದವು.

ಆಮೇಲೆ ಅವರೇ ಆರಿಸಿದ ವಿಷಯ ಬಸ್ಸು. ಗಾಲಿಕುರ್ಚಿಯ ಜಾಗದಲ್ಲಿ ಸಾಮಾನು ಇಟ್ಟಿದ್ದರೆ ಡ್ರೈವರು ನಿಲ್ಲಿಸದೆ ಹೋಗಿಬಿಡುತ್ತಾನೆ. ಸಾರಿಗೆ ಮಂಡಳಿಯ ಸಭೆಯಲ್ಲಿ ಯಾರು ಬೇಕಾದರೂ ಎರಡು ನಿಮಿಷ ಮಾತಾಡಬಹುದು. ಅಜ್ಜಿಯ ಮೊಮ್ಮಗನೇ ಹೊರಟ. ಅವನಿಗೆ ಹದಿನೇಳು, ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೈಕೈ ಹಿಡಿತಕ್ಕೆ ಸಿಗಲ್ಲ, ಬಾಯಿಂದ ಮಾತಾಡೋದೂ ಕಷ್ಟ. ಟ್ಯಾಬ್ಲೆಟ್ ಮೇಲೆ ಒಂದೇ ಬೆರಳಲ್ಲಿ ಅಕ್ಷರ ಒತ್ತುತ್ತಾನೆ, ಅದು ಓದಿ ಹೇಳುತ್ತದೆ. ಬರೆದಿಟ್ಟುಕೊಂಡಿದ್ದು ಸಲೀಸಾಗಿ ಬಂತು. ಅಷ್ಟರಲ್ಲಿ ಸದಸ್ಯರೊಬ್ಬರು ಕೇಳಿದರು: “ಯಾವ ರೂಟು?” ಅವನು ಒತ್ತತೊಡಗಿದ. ಹಾಲ್ ಪೂರ್ತಿ ಸುಮ್ನೆ. ಮೊದಲ ಅಂಕಿ ತಪ್ಪಾಯಿತು, ಅಳಿಸಿದ. ಮತ್ತೆ ಒತ್ತಿದ. ಟೈಮರ್ ಬಡಿಯಿತು. “ಥ್ಯಾಂಕ್ಯೂ, ಮುಂದಿನವರು.”

ನನಗೆ ಉತ್ತರ ಗೊತ್ತಿತ್ತು. ಅರ್ಧ ಎದ್ದಿದ್ದೆ ಕೂಡ. ರ‍್ಯಾಂಪ್ ಹುಡುಗಿ ನನ್ನ ತೋಳು ಹಿಡಿದು ಎಳೆದಳು. “ಕೂತ್ಕೊಳ್ಳಿ ಮಿಸ್.” ಕೂತೆ. ನನ್ನ ಕಸುಬಿನವರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ ಅಂತ ಕಾಣುತ್ತೆ.

ಮುಂದಿನ ಶನಿವಾರ ಎಲ್ಲರೂ ಸೇರಿ ಪತ್ರ ಬರೆದರು. ತಲೆಗೊಂದು ವಾಕ್ಯ. ಯಂತ್ರದ ಮೂಲಕ ಮಾತಾಡುವವರಿಗೆ ಜಾಸ್ತಿ ಸಮಯ ಕೊಡಿ, ಇದು ದಯೆಯಲ್ಲ, 1990ರ ಅಂಗವಿಕಲರ ಕಾಯ್ದೆ ಪ್ರಕಾರ ನಮಗೆ ಸಲ್ಲಬೇಕಾದದ್ದು. ನಾನು ಕಾಯ್ದೆಯ ಹೆಸರು ಹೇಳಿಕೊಟ್ಟೆ, ಚಿತ್ರಾನ್ನ ತಂದಿದ್ದೆ, ಅಷ್ಟೇ. (ಅದಕ್ಕೂ ಹಾಟ್ ಸಾಸ್ ಸುರಿದುಕೊಂಡು ತಿಂದರು.) ಎರಡು ತಿಂಗಳಾದ ಮೇಲೆ ನಾಲ್ಕು ನಿಮಿಷ ಸಿಕ್ಕಿತು. ರೂಟ್ ನಂಬರನ್ನು ಅವನೇ ಹೇಳಿದ.

ಯಾರಾದರೂ ಇಂಥ ಗುಂಪು ಶುರು ಮಾಡುವುದಾದರೆ, ಭಾಷಣ ಕಲಿಸುವುದಕ್ಕಿಂತ ಮೊದಲು ವ್ಯಾನು, ಊಟ, ಸಹಾಯಕರ ವ್ಯವಸ್ಥೆ ನೋಡಿ. ಅವರ ಸಮಯಕ್ಕೆ ಸ್ವಲ್ಪವಾದರೂ ದುಡ್ಡು ಕೊಡಿ. ನನಗೆ ಸಂಬಳ ಬಂದು ಅವರಿಗೆ ಪಿಜ್ಜಾ ಮಾತ್ರ ಅನ್ನೋದು ನ್ಯಾಯ ಅಲ್ವಲ್ಲ.

ಬಸ್ಸಿನ ತೊಂದರೆ ಇನ್ನೂ ಪೂರ್ತಿ ತೀರಿಲ್ಲ. ಮುಂದಿನ ಸಭೆಗೆ ಆರು ಜನ ಹೆಸರು ಕೊಟ್ಟಿದ್ದಾರೆ, ಮೂವರದು ಗಾಲಿಕುರ್ಚಿ. ವ್ಯಾನಿನಲ್ಲಿ ಇರೋದು ಎರಡೇ ಜಾಗ. ಇನ್ನೊಂದು ವ್ಯಾನಿಗೆ ಇವತ್ತೇ ಫೋನ್ ಮಾಡಬೇಕು.