ರೇಸ್ ಎಂಜಿನ್‌ಗೆ ಘಾಟಿ ರಸ್ತೆ ಕಲಿಸುವುದು ಹೇಗೆ?

ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ನಮ್ಮ ಮಲೆನಾಡಿನಲ್ಲಿ ಎರಡು ಕೆಲಸ ಜಾಸ್ತಿ. ಒಂದು ಮನೆಗೆ ಬಣ್ಣ ಹೊಡೆಸುವುದು, ಇನ್ನೊಂದು ಹಳೆ ಜಿಪ್ಸಿಗೆ ಎಂಜಿನ್ ಬದಲಿಸುವುದು. ರ‍್ಯಾಲಿ ಬಿಟ್ಟವರ ಎಂಜಿನ್ ಕಡಿಮೆಗೆ ಸಿಕ್ಕಿತು ಅಂತ ತಂದು, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಓಡಾಡುವ ಗಾಡಿಗೆ ಹಾಗೇ ಕೂರಿಸಿ, ಮೂರು ತಿಂಗಳಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ ನಾಲ್ಕು ಗಾಡಿಗಳನ್ನು ನಾನು ನೋಡಿದ್ದೇನೆ. ಅದರಲ್ಲಿ ಒಂದು ನನ್ನದೇ.

ಎಂಜಿನ್ ಕೆಟ್ಟದ್ದಲ್ಲ, ಅದಕ್ಕೆ ನಿಧಾನ ಗೊತ್ತಿಲ್ಲ ಅಷ್ಟೆ. ಫಾರ್ಮುಲಾ ಒನ್ ಎಂಜಿನ್ ಹಾಕಿದ ರಸ್ತೆ ಕಾರು ಮಾಡುತ್ತೇವೆ ಅಂತ ಮರ್ಸಿಡಿಸ್ 2017ರಲ್ಲಿ ಹೇಳಿತು. ತಯಾರಿಕೆ ಶುರುವಾಗಿದ್ದು 2022ರಲ್ಲಿ. ರೇಸಿನಲ್ಲಿ 5,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಐಡಲ್ ಆಗುತ್ತಿದ್ದ, ಅಂದರೆ ಆಕ್ಸಿಲರೇಟರ್ ಒತ್ತದೆ ಸುಮ್ಮನೆ ತಿರುಗುತ್ತಿದ್ದ ಆ 1.6 ಲೀಟರ್ ಎಂಜಿನ್ನನ್ನು 1,200ಕ್ಕೆ ಇಳಿಸಲು ಅವರೇ ಒದ್ದಾಡಿದರು. ಅಮೆರಿಕದಲ್ಲಿ ನಾಸ್ಕಾರ್ ಕಾರ್ ರೇಸಿನ ತಂಡಗಳು ಓಡಿಸಿ ಬಿಟ್ಟ 358 ಘನ ಇಂಚಿನ ವಿ8 ಎಂಜಿನ್ ಕೊಂಡು ಹಾಟ್ ರಾಡ್‌ಗೆ (ಜೋರಾಗಿ ಓಡಲು ಮಾರ್ಪಡಿಸಿದ ಹಳೆ ಕಾರು) ಹಾಕುವವರಿದ್ದಾರೆ. ಅವರಲ್ಲಿ ತಿಳಿದವರು ಮೊದಲು ಕೈ ಹಾಕುವುದು ಕ್ಯಾಮ್‌ಗೆ, ಅಂದರೆ ಎಂಜಿನ್ನಿನ ಗಾಳಿ-ಹೊಗೆ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡಕ್ಕೆ. ನಾವೂ ಅಲ್ಲಿಗೇ ಬರೋಣ, ಆದರೆ ಅದಕ್ಕೂ ಮುಂಚೆ ಕಾಗದ.

ಮೊದಲ ಕೆಲಸ ಆರ್‌ಟಿಒ ಕಚೇರಿಗೆ ಹೋಗುವುದು. ಎಂಜಿನ್ ಹಾಕಿಸಿ ಆಮೇಲೆ ಹೋಗುವುದಲ್ಲ, ಹಾಕುವ ಮುಂಚೆಯೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಯಲ್ಲಿ ಇರುವುದಕ್ಕೂ ತಾಳೆ ಆಗಬೇಕು. ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಆದರೆ ಅನುಮತಿಗೆ ದಾರಿ ಇದೆ. ಹಾಗಾಗಿ ನನ್ನ ಸಲಹೆ ಒಂದೇ: ಜಿಪ್ಸಿ ಕಿಂಗ್‌ಗೆ ಅದರದೇ 1298 ಸಿಸಿ, 16 ವಾಲ್ವ್ ಎಂಜಿನ್ನನ್ನು ರ‍್ಯಾಲಿಗೆ ಕಟ್ಟಿದ್ದು ಸಿಕ್ಕರೆ ತನ್ನಿ, ಬೇರೆ ಗಾಡಿಯ ದೊಡ್ಡ ಎಂಜಿನ್ ಆಸೆ ಬಿಡಿ.

ಎರಡನೆಯದು, ತಂದ ಎಂಜಿನ್ನನ್ನು ಪೂರ್ತಿ ಬಿಚ್ಚುವುದು. "ಈಗಷ್ಟೇ ಕಟ್ಟಿದ್ದು ಅಣ್ಣಾ, ಬಿಚ್ಚೋದೇ ಬೇಡ" ಅಂತ ಮಾರುವವನು ಹೇಳೇ ಹೇಳುತ್ತಾನೆ. ಬಿಚ್ಚಿ.

ಈಗ ಎಲ್ಲರೂ ಎಡವುವ ಜಾಗ. ರೇಸ್ ಎಂಜಿನ್‌ನಲ್ಲಿ ಕಂಪ್ರೆಷನ್ (ಒಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) 12ರ ಆಸುಪಾಸು ಇರುತ್ತದೆ. ಕ್ಯಾಮ್ ಕೂಡ ವಾಲ್ವ್‌ಗಳನ್ನು ತುಂಬಾ ಹೊತ್ತು ತೆರೆದಿಡುತ್ತದೆ. ಗಾಳಿ ಒಳಗೆ ಬಿಡುವ ಇಂಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಕಡಿಮೆ ಆರ್‌ಪಿಎಂನಲ್ಲಿ ಒಳಗೆ ಬಂದ ಗಾಳಿ ಸ್ವಲ್ಪ ವಾಪಸ್ ಹೋಗುತ್ತದೆ. ಅದಕ್ಕೇ ಅಷ್ಟು ಕಂಪ್ರೆಷನ್ ಇದ್ದರೂ ಎಂಜಿನ್ ತಡೆದುಕೊಳ್ಳುತ್ತದೆ. ಪಿಕಪ್ ಬರಲಿ ಅಂತ ಕ್ಯಾಮ್ ಒಂದನ್ನೇ ಸೌಮ್ಯದ್ದಕ್ಕೆ ಬದಲಿಸಿದಿರೋ, ಆ ಗಾಳಿಯೆಲ್ಲ ಒಳಗೇ ಉಳಿದು ಏರಿನಲ್ಲಿ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಶುರುವಾಗುತ್ತದೆ, ಪಿಸ್ಟನ್ ಹೋಗುತ್ತದೆ. ಕಂಪ್ರೆಷನ್ ಮಾತ್ರ ಇಳಿಸಿದರೆ ಗಾಡಿ ಸತ್ತ ಎಮ್ಮೆ. ಎರಡನ್ನೂ ಒಟ್ಟಿಗೇ ಮಾಡಬೇಕು. ಕಂಪ್ರೆಷನ್ 9.5ರಿಂದ 10ರ ಒಳಗೆ ತನ್ನಿ, ಅದಕ್ಕೆ ಹೊಂದುವ ಕ್ಯಾಮ್ ಮತ್ತು ಆ ಕ್ಯಾಮ್‌ನ ಜೊತೆಗೇ ಬರುವ ವಾಲ್ವ್ ಸ್ಪ್ರಿಂಗ್ ಹಾಕಿ. ಕಂಪ್ರೆಷನ್ ಇಳಿಸಲು ಪಿಸ್ಟನ್ ಬದಲಿಸುವುದೇ ಸರಿ. ಎರಡು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕಿಗೂ ನಡುವಿನ ಹಾಳೆ) ಒಂದರ ಮೇಲೊಂದು ಕೂರಿಸುವ ಕಿಲಾಡಿಗಳಿದ್ದಾರೆ, ಅದು ಮೊದಲ ಘಾಟಿಗೇ ಹಾರುತ್ತದೆ. ಪೆಟ್ರೋಲಿನ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಏರಿಸುವ ಬೂಸ್ಟರ್ ಬಾಟಲಿ ಸುರಿದು ಬಚಾವಾಗುತ್ತೇನೆ ಅನ್ನುವವರಿಗೆ ಏನೂ ಹೇಳುವುದಿಲ್ಲ, ಸುಮ್ನೆ ದುಡ್ಡು ದಂಡ. ಬಂಕಿನ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಕನಿಷ್ಠ 95 ಆಕ್ಟೇನ್ ಇರುತ್ತದೆ. ಅದರಲ್ಲೇ ಓಡುವ ಎಂಜಿನ್ ಕಟ್ಟಿ. ಇ20 ಅಂದ ಮೇಲೆ ಹಳೆ ರಬ್ಬರ್ ಪೆಟ್ರೋಲ್ ಪೈಪುಗಳನ್ನೂ ಕಿತ್ತು ಹೊಸದು ಹಾಕಿ. ಎಥನಾಲ್ ನೀರಿನ ಪಸೆ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಡಬೇಡಿ.

ಕ್ಯಾಮ್ ಕೂರಿಸುವುದಂತೂ ಮಾರ್ಕಿಗೆ ಮಾರ್ಕು ಸೇರಿಸಿದರೆ ಮುಗಿಯುವ ಕೆಲಸ ಅಲ್ಲ. ಹೆಡ್ಡನ್ನೋ ಬ್ಲಾಕನ್ನೋ ಒಮ್ಮೆ ಲೇತಿನವರು ಸವರಿದ್ದರೆ, ಗ್ಯಾಸ್ಕೆಟ್ ದಪ್ಪ ಬೇರೆ ಇದ್ದರೆ, ಟೈಮಿಂಗ್ ಡಿಗ್ರಿ ಲೆಕ್ಕದಲ್ಲಿ ಆಚೀಚೆ ಆಗಿರುತ್ತದೆ. ಕ್ಯಾಮ್ ತಿರುಗಿಸುವ ಬೆಲ್ಟಿನ ಒಂದು ಹಲ್ಲು ಬದಲಿಸಿ ಸರಿ ಮಾಡೋಣ ಅಂದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಲೆಕ್ಕದಲ್ಲಿ ಹದಿನೈದು ಡಿಗ್ರಿಗೂ ಜಾಸ್ತಿ ಜಿಗಿಯುತ್ತದೆ. ಅದಕ್ಕೇ ಹೊಂದಿಸಬಹುದಾದ ಕ್ಯಾಮ್ ಪುಲ್ಲಿ ಬೇಕು, ಜೊತೆಗೆ ಡಿಗ್ರಿ ಗುರುತಿರುವ ಒಂದು ಡಿಗ್ರಿ ಚಕ್ರ, ಸಣ್ಣ ಚಲನೆ ಅಳೆಯುವ ಒಂದು ಡಯಲ್ ಗೇಜ್.

ನಾಲ್ಕೂ ಪ್ಲಗ್ ಬಿಚ್ಚಿ. ಕ್ರ್ಯಾಂಕ್ ಪುಲ್ಲಿಗೆ ಡಿಗ್ರಿ ಚಕ್ರ ಕಟ್ಟಿ, ಒಂದು ತಂತಿಯನ್ನು ಮುಳ್ಳಿನ ಹಾಗೆ ಬಗ್ಗಿಸಿಡಿ. ಮೊದಲ ಸಿಲಿಂಡರಿನ ಪ್ಲಗ್ ತೂತಿಗೆ ಪಿಸ್ಟನ್ ತಡೆಯುವ ಬೋಲ್ಟ್ ಹಾಕಿ, ಪಾನಾದಿಂದ ಮೆಲ್ಲಗೆ ತಿರುಗಿಸಿ. ಸೆಲ್ಫ್ ಮಾತ್ರ ಹೊಡೆಯಬೇಡಿ! ಪಿಸ್ಟನ್ ತಾಗಿ ನಿಂತಾಗ ಅಂಕಿ ಬರೆದುಕೊಳ್ಳಿ. ಉಲ್ಟಾ ತಿರುಗಿಸಿ, ಮತ್ತೆ ತಾಗಿದಾಗ ಬರೆದುಕೊಳ್ಳಿ. ಎರಡರ ನಟ್ಟ ನಡುವೆ ಇರುವುದೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ. ಚಕ್ರವನ್ನು ಅಲ್ಲಿ ಸೊನ್ನೆಗೆ ಕೂರಿಸಿ, ಬೋಲ್ಟ್ ತೆಗೆಯಿರಿ.

ಆಮೇಲೆ ಡಯಲ್ ಗೇಜನ್ನು ಇಂಟೇಕ್ ವಾಲ್ವ್‌ನ ತಲೆ ಮೇಲೆ ನಿಲ್ಲಿಸಿ. ವಾಲ್ವ್ ಪೂರ್ತಿ ಇಳಿಯುವುದಕ್ಕೆ 1.25 ಮಿ.ಮೀ. ಬಾಕಿ ಇದ್ದಾಗ ಒಂದು ಅಂಕಿ, ಪೂರ್ತಿ ಇಳಿದು 1.25 ಮಿ.ಮೀ. ವಾಪಸ್ ಬಂದಾಗ ಇನ್ನೊಂದು. ಎರಡರ ಮಧ್ಯ ತೆಗೆದು ಕ್ಯಾಮ್ ಜೊತೆ ಬಂದ ಕಾರ್ಡಿನ ಅಂಕಿಗೆ ಹೋಲಿಸಿ. ಇಲ್ಲಿ ಯಾವಾಗಲೂ ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು, ಇಲ್ಲದಿದ್ದರೆ ಬೆಲ್ಟಿನ ಸಡಿಲ ನಿಮಗೆ ಸುಳ್ಳು ಹೇಳುತ್ತದೆ. ಸಂಶಯ ಬಂದರೆ 2 ಡಿಗ್ರಿ ಮುಂದಕ್ಕೆ (ವಾಲ್ವ್ ಬೇಗ ತೆರೆಯುವ ಹಾಗೆ) ಇಡಿ, ಹಿಂದಕ್ಕೆ ಬೇಡ. ನಮಗೆ ಬೇಕಾದ ಶಕ್ತಿ 2,000 ಆರ್‌ಪಿಎಂನಲ್ಲಿ ಅಲ್ವಾ?

ಮುಂದಕ್ಕೆ ಇಟ್ಟರೆ ಇಂಟೇಕ್ ವಾಲ್ವ್ ಪಿಸ್ಟನ್‌ಗೆ ಹತ್ತಿರ ಬರುತ್ತದೆ. ಹಾಗಾಗಿ ಹೆಡ್ ಮತ್ತೆ ಇಳಿಸಿ. ಮಕ್ಕಳು ಆಡುವ ಕ್ಲೇ ಉಂಡೆಯನ್ನು ಪಿಸ್ಟನ್ ಮೇಲೆ ವಾಲ್ವ್ ಬರುವ ಜಾಗಕ್ಕೆ ಹಚ್ಚಿ, ಎಣ್ಣೆ ಸವರಿ, ಅದೇ ದಪ್ಪದ ಹಳೆ ಗ್ಯಾಸ್ಕೆಟ್ ಹಾಕಿ ಹೆಡ್ ಕೂರಿಸಿ. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದು) ಹೊಂದಿಸಿ, ಬೆಲ್ಟ್ ಕಟ್ಟಿ, ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ. ಬಿಚ್ಚಿ, ಕ್ಲೇಯನ್ನು ಬ್ಲೇಡಿನಲ್ಲಿ ಕೊಯ್ದು, ತೀರಾ ತೆಳುವಾದ ಜಾಗ ಅಳೆಯಿರಿ. ಇಂಟೇಕ್‌ಗೆ 2 ಮಿ.ಮೀ., ಹೊಗೆ ಹೊರಬಿಡುವ ಎಕ್ಸಾಸ್ಟ್‌ಗೆ 2.5 ಮಿ.ಮೀ.ಗಿಂತ ಕಡಿಮೆ ಇದ್ದರೆ ಮುಂದೆ ಹೋಗಲೇಬೇಡಿ. ನಾನು ಮೊದಲ ಸಲ ಇದನ್ನು ಬಿಟ್ಟೆ. ಇಡೀ ದಿನದ ಕೆಲಸ, ಹೊರಗೆ ಮಳೆ, ಊಟದ ಹೊತ್ತು ಬೇರೆ ಮೀರಿತ್ತು. ಹುಲಿಕಲ್ ಘಾಟಿಯಲ್ಲಿ ಎರಡು ವಾಲ್ವ್ ಬಗ್ಗಿದವು.

ಇಷ್ಟೆಲ್ಲಾ ಬೇಡ, ರೇಸ್ ಕ್ಯಾಮೇ ಇರಲಿ, ಆ ಗುಡುಗುಡು ಐಡಲ್ ಶಬ್ದ ಚೆಂದ ಅನ್ನುವವರು ಬ್ರೇಕಿನ ಬಗ್ಗೆ ಯೋಚಿಸಿ. ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್ ನಡೆಯುವುದೇ ಎಂಜಿನ್ ವ್ಯಾಕ್ಯೂಮ್‌ನಿಂದ (ಗಾಳಿ ಎಳೆಯುವ ಶಕ್ತಿ). ಒಳ್ಳೆ ಎಂಜಿನ್ ಐಡಲ್‌ನಲ್ಲಿ ಪಾದರಸದ ಲೆಕ್ಕದಲ್ಲಿ 17ರಿಂದ 21 ಇಂಚು ವ್ಯಾಕ್ಯೂಮ್ ಕೊಡುತ್ತದೆ. ರೇಸ್ ಕ್ಯಾಮ್‌ನಲ್ಲಿ ಅದು 10ಕ್ಕಿಂತ ಕೆಳಗೆ ಇಳಿಯಬಹುದು. ಗೇರಿನಲ್ಲಿ ಇಳಿಯುವಾಗ ಗೊತ್ತಾಗುವುದಿಲ್ಲ. ತಿರುವಿನಲ್ಲಿ ಕ್ಲಚ್ ಒತ್ತಿ ಎರಡು ಮೂರು ಸಲ ಬ್ರೇಕ್ ಹಿಡಿದರೆ ಪೆಡಲ್ ಕಲ್ಲಾಗುತ್ತದೆ. ಸುಡದ ಪೆಟ್ರೋಲ್ ಹೊರಗೆ ಹೋಗಿ ಹೊಗೆ ತಪಾಸಣೆಯಲ್ಲೂ ಫೇಲು.

ತಂಪಿನ ವಿಷಯ. ರೇಸ್ ಎಂಜಿನ್‌ಗೆ ಎದುರುಗಾಳಿಯೇ ಫ್ಯಾನ್. ಆಗುಂಬೆಯ 14 ತಿರುವುಗಳಲ್ಲಿ ಮಿನಿ ಬಸ್ಸಿನ ಹಿಂದೆ ಒಂದನೇ ಗೇರಿನಲ್ಲಿ ಹತ್ತುವಾಗ ಆ ಗಾಳಿ ಎಲ್ಲಿಂದ ಬರಬೇಕು? ಒಳ್ಳೆ ಎಲೆಕ್ಟ್ರಿಕ್ ಫ್ಯಾನ್ ಹಾಕಿ. ರ‍್ಯಾಲಿಯವರು ಕಿತ್ತೆಸೆದ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ವಾಲ್ವ್) ವಾಪಸ್ ಹಾಕಿ, ಇಲ್ಲದಿದ್ದರೆ ಡಿಸೆಂಬರಿನ ಮಂಜಿನಲ್ಲಿ ಎಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಆಯಿಲಿಗೆ ಸೇರುತ್ತದೆ. ರೇಡಿಯೇಟರ್ ಲೀಕ್ ನಿಲ್ಲಿಸುವ ಪುಡಿ ಹತ್ತಿರಕ್ಕೂ ಬೇಡ.

ಕ್ಲಚ್ ಮಾಮೂಲಿಯದ್ದೇ ಹಾಕಿ. ಆಯಿಲ್ ರೇಸಿನದ್ದು ಬೇಡ, ರಸ್ತೆಯದ್ದು ಸಾಕು. ಮೊದಲ 500 ಕಿ.ಮೀ. ಆದ ಮೇಲೆ ಅದನ್ನು ಬದಲಿಸಿ, ಹಳೆ ಫಿಲ್ಟರನ್ನು ಗರಗಸದಲ್ಲಿ ಕೊಯ್ಯದೆ ಕಟ್ಟರಿನಲ್ಲಿ ತೆರೆದು, ಒಳಗಿನ ಕಾಗದ ಬಿಸಿಲಿಗೆ ಹಿಡಿದು ನೋಡಿ. ಲೋಹದ ಮಿನುಗು ಕಂಡರೆ ಎಂಜಿನ್ ಮತ್ತೆ ಇಳಿಸಿ.