ನಿಧಾನದ ಸರ್ವ್ ಇಟ್ಟುಕೊಂಡೇ ಡಬಲ್ಸ್ ಗೆದ್ದೆವು

ಟೆನಿಸ್‌ನಲ್ಲಿ ನನ್ನ ಮೊದಲ ಸರ್ವ್ ಗಂಟೆಗೆ 130 ಕಿಲೋಮೀಟರ್ ದಾಟುವುದು ಅಪರೂಪ. ಜೊತೆಗಾತಿಯದು ಅದಕ್ಕಿಂತ ಐದಾರು ಕಡಿಮೆ. ಇಂಥ ಸರ್ವ್ ಇಟ್ಟುಕೊಂಡು ಪ್ರತಿ ಸರ್ವ್ ಗೇಮ್‌ನಲ್ಲೂ ಐ ಫಾರ್ಮೇಷನ್ (ಜೊತೆಗಾತಿ ನೆಟ್ ಹತ್ತಿರ ನಡುವೆ ಬಗ್ಗಿ ಕೂತು, ಸರ್ವ್ ಆದ ಮೇಲೆ ಒಂದು ಕಡೆಗೆ ಓಡುವ ಆಟ) ಆಡುತ್ತೇವೆ ಅಂದಾಗ ಒಬ್ಬರೂ ಒಪ್ಪಲಿಲ್ಲ. "ಸರ್ವ್ ಜೋರಿದ್ದವರಿಗೆ ಮಾತ್ರ ಅದು" ಅಂತ ಆಗಿನ ಕೋಚ್ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಏಳನೇ ಟೂರ್ನಿಯಲ್ಲಿ ಡಬ್ಲ್ಯೂ15 (ಮಹಿಳಾ ವೃತ್ತಿಪರ ಟೂರ್ನಿಗಳ ಅತಿ ಕೆಳಹಂತ) ಡಬಲ್ಸ್ ಗೆದ್ದೆವು. ಎರಡು ತಿಂಗಳ ನಂತರ ಅದಕ್ಕಿಂತ ಒಂದು ಹಂತ ಮೇಲಿನ ಡಬ್ಲ್ಯೂ35ರ ಫೈನಲ್ ಕೂಡ ಆಡಿದೆವು. ಈಗ ಧೈರ್ಯವಾಗಿ ಬರೆಯಬಹುದು.

ನನಗೆ ಹುಮ್ಮಸ್ಸು ಬಂದಿದ್ದು ಇಟಲಿಯ ಆಟಗಾರ್ತಿ ಸಾರಾ ಎರ್ರಾನಿಯನ್ನು ನೋಡಿ. ಆಕೆಯ ಸರ್ವ್ ತುಂಬಾ ನಿಧಾನ. ಅವಳೂ ಜೊತೆಗಾತಿ ಜಾಸ್ಮಿನ್ ಪಾವೊಲಿನಿಯೂ ಐದಡಿ ನಾಲ್ಕಿಂಚಿನ ಆಸುಪಾಸಿನವರು. ಆದರೂ 2024ರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದರು, 2025ರಲ್ಲಿ ಫ್ರೆಂಚ್ ಓಪನ್ ಗೆದ್ದರು. ಅವರ ಆಟವನ್ನು ನಾವು ನಕಲು ಮಾಡಿಲ್ಲ. ಸರ್ವ್ ಒಂದೇ ಡಬಲ್ಸ್ ಅಲ್ಲ ಅನ್ನೋದು ಮಾತ್ರ ಅಲ್ಲಿ ಖಾತ್ರಿಯಾಯಿತು.

ಮೊದಲ ನಾಲ್ಕು ಟೂರ್ನಿಗಳಲ್ಲಿ ಮೊದಲ ಸುತ್ತು ದಾಟಲಿಲ್ಲ. ಒಂದರಲ್ಲಂತೂ 6-1, 6-2. ತೊಂದರೆ ಏನಂದರೆ, ಜೋರಾದ ಸರ್ವ್‌ಗೆ ರಿಟರ್ನ್ ಮಾಡುವವಳಿಗೆ ತಲೆ ಎತ್ತಲೂ ಹೊತ್ತಿರುವುದಿಲ್ಲ. ನಮ್ಮ ಸರ್ವ್‌ಗೆ ಬೇಕಾದಷ್ಟು ಹೊತ್ತು. ನೆಟ್ ಹತ್ತಿರ ಕೂತವಳು ಯಾವ ಕಡೆ ಎದ್ದು ಓಡುತ್ತಾಳೆ ಅಂತ ಆರಾಮಾಗಿ ನೋಡಿ, ಖಾಲಿಯಾದ ಜಾಗಕ್ಕೆ ಹೊಡೆಯುತ್ತಿದ್ದರು. ಮೂರನೇ ಟೂರ್ನಿಯಲ್ಲಿ ನನ್ನ ಸರ್ವ್ ನೇರ ಜೊತೆಗಾತಿಯ ಬೆನ್ನಿಗೆ ಬಿತ್ತು. ಅದು ಫಾಲ್ಟ್. ಆಮೇಲೆ ಅವಳು ಅರ್ಧ ಅಡಿ ಜಾಸ್ತಿ ಬಗ್ಗತೊಡಗಿದಳು, ಏಳುವುದು ತಡವಾಯಿತು, ಆ ಸೆಟ್ಟೂ ಹೋಯಿತು.

ದುಡ್ಡಿನ ವಿಷಯ ಇನ್ನೂ ಕಷ್ಟ. ಡಬ್ಲ್ಯೂ15ರಲ್ಲಿ ಡಬಲ್ಸ್ ಗೆದ್ದ ಜೋಡಿಗೆ ನನಗೆ ನೆನಪಿರುವಂತೆ ಒಂಬೈನೂರು ಚಿಲ್ಲರೆ ಡಾಲರ್. ಅದು ಇಬ್ಬರಿಗೂ ಸೇರಿ. ತೆರಿಗೆ ಮುರಿದುಕೊಂಡು ಕೈಗೆ ಬರುವುದು ಇನ್ನೂ ಕಡಿಮೆ. ಮೊದಲ ಸುತ್ತಲ್ಲೇ ಸೋತರೆ ಬರುವುದು ರೂಮ್ ಬಾಡಿಗೆಗೂ ಸಾಲದು. ನಾಲ್ಕು ಟೂರ್ನಿಗೆ ಇಬ್ಬರದೂ ಸೇರಿ ಮೂರು ಸಾವಿರ ಡಾಲರ್ ಮೇಲೇ ಹೋಗಿತ್ತು. ಕೋಚನ್ನು ಬಿಟ್ಟೆವು, ಒಂದೇ ರೂಮ್ ಮಾಡಿಕೊಂಡೆವು. ಸ್ಟ್ರಿಂಗ್ ಮೂರು ಮ್ಯಾಚ್‌ಗೊಮ್ಮೆ ಮಾತ್ರ. "ಸಿಂಗಲ್ಸ್ ಕಡೆ ಗಮನ ಕೊಡು" ಅಂತ ಮನೆಯವರು ಹೇಳಿದ್ದೂ ಆಗಲೇ.

ದಾರಿ ಸಿಕ್ಕಿದ್ದು ಫೋನ್‌ನಲ್ಲಿ ತೆಗೆದ ವಿಡಿಯೋದಿಂದ. ಸರ್ವ್ ಪುಟಿದ ತಕ್ಷಣ ನಾವು ಓಡುತ್ತಿದ್ದೆವು. ಎಲ್ಲರಿಗೂ ಕಲಿಸುವುದು ಹಾಗೇ. ನಿಧಾನದ ಸರ್ವ್‌ಗೆ ಅದು ತುಂಬಾ ಬೇಗ. ಎದುರಾಳಿಯ ಕಣ್ಣು ಚೆಂಡಿಗೆ ಇಳಿದು, ರ್‍ಯಾಕೆಟ್ ಮುಂದಕ್ಕೆ ಹೊರಟ ಮೇಲೆ ಓಡಬೇಕು. ಆ ಹೊತ್ತಿಗೆ ಅವಳು ಹೊಡೆತ ಬದಲಿಸಲಾರಳು. ಅರ್ಧ ಸೆಕೆಂಡೂ ಇಲ್ಲದ ಈ ತಡೆತ ಕಲಿಯಲು ನಮಗೆ ಆರು ವಾರ ಬೇಕಾಯಿತು. ದಿನಕ್ಕೆ ನೂರೈವತ್ತು ಸರ್ವ್, ಅದೊಂದೇ ಕೆಲಸ. ರ್‍ಯಾಕೆಟ್ ಜೊತೆಗೆ ಇನ್ನೊಂದು ಗುರುತನ್ನೂ ನೋಡುತ್ತೇವೆ. ಅದನ್ನು ಇಲ್ಲಿ ಹೇಳುವುದಿಲ್ಲ, ಇನ್ನೂ ಆಡುತ್ತಿದ್ದೇವಲ್ವಾ!

ಸರ್ವ್ ಎಲ್ಲಿಗೆ ಅನ್ನೋದೂ ಅಷ್ಟೇ ಮುಖ್ಯ. ಡ್ಯೂಸ್ ಕೋರ್ಟ್‌ನಲ್ಲಿ (ಬಲಭಾಗದಲ್ಲಿ) ಟೀಗೆ, ಅಂದರೆ ನಡುಗೆರೆಯ ಮೂಲೆಗೆ ಹಾಕಿದರೆ ಬಲಗೈಯವರಿಗೆ ಬ್ಯಾಕ್‌ಹ್ಯಾಂಡ್, ಕೋನವೂ ಸಿಗುವುದಿಲ್ಲ. ಆ್ಯಡ್ ಕೋರ್ಟ್‌ನಲ್ಲಿ (ಎಡಭಾಗದಲ್ಲಿ) ಅದೇ ಟೀ ಅವರ ಫೋರ್‌ಹ್ಯಾಂಡ್‌ಗೆ ಹೋಗುತ್ತದೆ. ಅಲ್ಲಿ ಸಾಕಷ್ಟು ಏಟು ತಿಂದ ಮೇಲೆ ಪಕ್ಕಕ್ಕೆ ತಿರುಗಿ ಮೈಮೇಲೆ ಬರುವ ಸ್ಲೈಸ್ ಸರ್ವ್‌ಗೆ ಬದಲಾಯಿಸಿದೆವು. ವೇಗ ಕೇಳಬೇಡಿ, ಆದರೆ ಹತ್ತರಲ್ಲಿ ಏಳೆಂಟು ಮೊದಲ ಸರ್ವ್ ಒಳಗೆ ಬೀಳಲೇಬೇಕು. ಸರ್ವ್ ಮಾಡಿದವಳು ನೆಟ್‌ಗೆ ಹೋಗುವುದೂ ಬೇಡ. ಬೇಸ್‌ಲೈನ್ ಹಿಂದೆ ಒಂದೂವರೆ ಹೆಜ್ಜೆ ನಿಂತರೆ ನೆಟ್‌ನಲ್ಲಿರುವವಳ ತಲೆ ಮೇಲಿಂದ ಎತ್ತರಕ್ಕೆ ಹೋಗುವ ಲಾಬ್ ಅವಳಿಗೇ ಸಿಗುತ್ತದೆ. ಮೊದಲು ನಮ್ಮನ್ನು ಕೊಂದಿದ್ದೇ ಲಾಬ್.

ನಡುವೆ ಬೇರೆ ಪ್ರಯೋಗಗಳೂ ಆದವು. ಸ್ಟ್ರಿಂಗ್ ಬಿಗಿ 52 ಪೌಂಡ್‌ನಿಂದ 47ಕ್ಕೆ ಇಳಿಸಿದೆ. ವಾಲಿ (ಚೆಂಡು ಪುಟಿಯುವ ಮುನ್ನವೇ ಹೊಡೆಯುವುದು) ಮೆತ್ತಗಾಯಿತು, ಲಾಬ್ ಮಾತ್ರ ಉದ್ದ ಹೋಗತೊಡಗಿತು. 49ಕ್ಕೆ ನಿಲ್ಲಿಸಿದೆ. ಎದುರಾಳಿಯ ಮೊದಲ ಸರ್ವ್‌ಗೆ ಇಬ್ಬರೂ ಹಿಂದೆ ನಿಂತು ನೋಡಿದೆವು. ಅದು ಸುಮ್ನೆ ಭಯಕ್ಕೆ ಶುರುವಾಗಿದ್ದು, ಈಗ ನಮ್ಮ ಮೆಚ್ಚಿನ ಆಟ. ರಿಟರ್ನ್‌ಗೆ ಯಾರು ಬಲಕ್ಕೆ, ಯಾರು ಎಡಕ್ಕೆ ಅನ್ನೋದನ್ನು ಅದಲುಬದಲು ಮಾಡಿದ್ದು ಮಾತ್ರ ದೊಡ್ಡ ತಪ್ಪು. ಸೆಟ್ ಮುಗಿಯುವವರೆಗೆ ವಾಪಸ್ ಬದಲಿಸುವ ಹಾಗಿಲ್ಲ, ಇಡೀ ಸೆಟ್ ಪರದಾಡಿದೆವು.

ಐದನೇ ಟೂರ್ನಿಯಲ್ಲಿ ಸೆಮಿಫೈನಲ್, ಆರನೆಯದರಲ್ಲಿ ಮತ್ತೆ ಮೊದಲ ಸುತ್ತು. ಏಳನೆಯದರ ಫೈನಲ್‌ನಲ್ಲಿ ಎದುರಿಗೆ ಎರಡನೇ ಸೀಡ್, ಇಬ್ಬರೂ ಆರಡಿ ಹತ್ತಿರದವರು. ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗೆ ಆಡುವ ಮ್ಯಾಚ್ ಟೈಬ್ರೇಕ್‌ನಲ್ಲಿ 4-7 ಹಿಂದಿದ್ದೆವು. ಜೊತೆಗಾತಿ ಬೆನ್ನ ಹಿಂದೆ ಸನ್ನೆ ಮಾಡಿದ್ದು ಎಡಕ್ಕೆ. ನಾನು ತಲೆ ಅಲ್ಲಾಡಿಸಿದೆ. "ಇಲ್ಲ, ನಂಬು ನನ್ನ" ಅಂದಳು. ಎಡಕ್ಕೇ ಹೋದಳು, ವಾಲಿ ಅವರ ಕಾಲ ಬುಡಕ್ಕೆ ಬಿತ್ತು. 10-8ಕ್ಕೆ ಗೆದ್ದೆವು. ಟೂರ್ನಿ ಪೂರ್ತಿ ನಮ್ಮ ಸರ್ವ್ ಬ್ರೇಕ್ ಆಗಿದ್ದು, ಅಂದರೆ ನಮ್ಮ ಸರ್ವ್ ಗೇಮ್ ನಾವೇ ಸೋತಿದ್ದು, ಐದೋ ಆರೋ ಸಲ. ಆರಡಿಯವರ ಸರ್ವ್ ಅದಕ್ಕಿಂತ ಜಾಸ್ತಿ ಸಲ ಮುರಿದಿತ್ತು.

ಡಬ್ಲ್ಯೂ35 ಫೈನಲ್ ಸೋತಿದ್ದು ಕ್ಲೇ ಮೇಲೆ. ಅಲ್ಲಿ ನಮ್ಮ ಸ್ಲೈಸ್ ನಿಂತು ಪುಟಿಯಿತು, ಅವರಿಗೆ ಹೊಡೆಯಲು ಹದವಾಗಿ ಸಿಕ್ಕಿತು. ಅದಕ್ಕೇ ಈಗ ಆ್ಯಡ್ ಕೋರ್ಟ್‌ನಲ್ಲಿ ಹೊರಬದಿಗೆ ಎತ್ತರ ಪುಟಿಯುವ ವೈಡ್ ಕಿಕ್ ಸರ್ವ್ ಕಲಿಯುತ್ತಿದ್ದೇವೆ. ನೂರು ಹೊಡೆದರೆ ಅರವತ್ತು ಒಳಗೆ ಬೀಳುತ್ತಿವೆ. ಎಪ್ಪತ್ತು ಆಗುವವರೆಗೂ ಮ್ಯಾಚ್‌ಗೆ ತರುವುದಿಲ್ಲ.