ಸಾಲ್ವೇಜ್ ಟೈಟಲ್‌ನ ಹಳೇ ಕೊರೊಲ್ಲಾ ಮಾರಿದ್ದು ಹೀಗೆ

ಸಾಲ್ವೇಜ್ ಅಂದರೆ ಏಟು ಬಿದ್ದ ಮೇಲೆ ರಿಪೇರಿಯ ಖರ್ಚಿಗೆ ತಕ್ಕದ್ದಲ್ಲ ಅಂತ ವಿಮೆಯವರು ಬರೆದುಬಿಟ್ಟ ಗಾಡಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಗಾಡಿ ಮಾರಲು ಹೊರಟವರು ಮೊದಲು ಕೈಯಲ್ಲಿರುವ ಕಾಗದ ಯಾವುದು ಅಂತ ನೋಡಿಕೊಳ್ಳಬೇಕು. ಅದು ಸಾಲ್ವೇಜ್ ಸರ್ಟಿಫಿಕೇಟ್ ಆಗಿದ್ದರೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಟೋ ಮಾಡಿಸಿಕೊಂಡು ಹೋಗುವವನು ಗುಜರಿ ರೇಟಿಗೇ ಕೇಳುತ್ತಾನೆ. ರಿಪೇರಿ, ತಪಾಸಣೆ ಮುಗಿದು ರಿವೈವ್ಡ್ ಸಾಲ್ವೇಜ್ ಅಂತ ಮುದ್ರೆ ಬಿದ್ದ ಟೈಟಲ್ (ಒಡೆತನದ ಪತ್ರ) ಆದರೆ ನಂಬರ್ ಪ್ಲೇಟ್ ಹಾಕಿ ಓಡಿಸಬಹುದು, ವಿಮೆ ಮಾಡಿಸಬಹುದು, ಮನೆ ಬಾಗಿಲಿಗೆ ಗಿರಾಕಿಯೂ ಬರುತ್ತಾನೆ. ಮಾತಿನಲ್ಲಿ ಎರಡನ್ನೂ ಸಾಲ್ವೇಜ್ ಅಂತಲೇ ಕರೆಯುವುದರಿಂದ ಗೊಂದಲವೆಲ್ಲ ಶುರುವಾಗುವುದು ಇಲ್ಲೇ.

ನಾನು ಮಾರಿದ್ದು 2009ರ ಟೊಯೋಟಾ ಕೊರೊಲ್ಲಾ, 1,48,000 ಮೈಲಿ ಓಡಿದ್ದು. ಹಿಂದಿನಿಂದ ಗುದ್ದಿಸಿಕೊಂಡಿತ್ತು: ಬಂಪರ್, ಡಿಕ್ಕಿಯ ಬಾಗಿಲು, ಎಡಗಡೆ ಟೈಲ್ ಲೈಟ್, ಹಿಂದಿನ ಪ್ಯಾನೆಲ್. ಚಾಸಿಸ್ಸಿಗೆ ಏನೂ ಆಗಿರಲಿಲ್ಲ. ಆದರೆ ಹಳೇ ಗಾಡಿಯ ಲೆಕ್ಕವೇ ಬೇರೆ. ರಿಪೇರಿ ಖರ್ಚಿಗೆ ಗುಜರಿ ಬೆಲೆ ಕೂಡಿಸಿದರೆ ಗಾಡಿಯ ಮಾರುಕಟ್ಟೆ ಬೆಲೆಯನ್ನು ದಾಟಿಬಿಡುತ್ತದೆ, ವಿಮೆಯವರು ಟೋಟಲ್ ಲಾಸ್ ಅಂತ ಬರೆಯುತ್ತಾರೆ. ಗಾಡಿಯನ್ನು ನಾವೇ ಇಟ್ಟುಕೊಂಡರೆ ಗುಜರಿ ಬೆಲೆ ಕಳೆದು ಉಳಿದ ಹಣ ಕೊಡುತ್ತಾರೆ. ಸೆಟಲ್‌ಮೆಂಟ್ ಆದ 10 ದಿನದೊಳಗೆ ಹಳೇ ಟೈಟಲ್ಲು, ಪ್ಲೇಟು ಎರಡನ್ನೂ ರಾಜ್ಯದ ಮೋಟಾರು ವಾಹನ ಇಲಾಖೆಯಾದ ಡಿಎಂವಿಗೆ ಒಪ್ಪಿಸಿ ಸಾಲ್ವೇಜ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಬೇಕು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗದು ಅಂದುಕೊಳ್ಳಬೇಡಿ. ವಿಮಾ ಕಂಪನಿ ತನ್ನ ಪಾಡಿಗೆ ವರದಿ ಮಾಡಿರುತ್ತದೆ, ದೇಶದ ಟೈಟಲ್ ದಾಖಲೆ ವ್ಯವಸ್ಥೆಯಾದ ಎನ್‌ಎಂವಿಟಿಐಎಸ್‌ನಲ್ಲೂ ಅದು ಬೀಳುತ್ತದೆ. ಬೇರೆ ರಾಜ್ಯದಲ್ಲಿ ರಿಜಿಸ್ಟರ್ ಮಾಡಿಸಿ ಮುದ್ರೆ ತೊಳೆಯುವುದು ಮೋಸದ ಕೇಸಾಗುತ್ತದೆ.

ರಿವೈವ್ ಮಾಡಿಸಲು ಬೇಕಾದದ್ದು ಇಷ್ಟು: ಟೈಟಲ್ ಅರ್ಜಿ (ರೆಗ್ 343), ಸಾಲ್ವೇಜ್ ಸರ್ಟಿಫಿಕೇಟ್, ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ತಾಳೆ ನೋಡಿದ ವೆರಿಫಿಕೇಶನ್, ಸ್ಮಾಗ್ ಸರ್ಟಿಫಿಕೇಟ್ (ಹೊಗೆ ತಪಾಸಣೆಯದು), ಸುರಕ್ಷತಾ ತಪಾಸಣೆ. ಕೊನೆಯದು 2024ರವರೆಗೆ ಬ್ರೇಕ್ ಮತ್ತು ಲ್ಯಾಂಪ್ ಸರ್ಟಿಫಿಕೇಟ್ ಆಗಿತ್ತು. ಈಗ ಅದರ ಜಾಗದಲ್ಲಿ ವೆಹಿಕಲ್ ಸೇಫ್ಟಿ ಸಿಸ್ಟಮ್ಸ್ ಇನ್‌ಸ್ಪೆಕ್ಷನ್ ಬಂದಿದೆ. ಅದರಲ್ಲಿ ಏರ್‌ಬ್ಯಾಗ್, ಸೀಟ್ ಬೆಲ್ಟನ್ನೂ ನೋಡುತ್ತಾರೆ. ಗಾಡಿಗೆ ರಿಜಿಸ್ಟ್ರೇಶನ್ ಇಲ್ಲದಿರುವಾಗ ಇಲ್ಲಿಗೆಲ್ಲ ಓಡಿಸಿಕೊಂಡು ಹೋಗಲು ಡಿಎಂವಿಯಿಂದ ಒಂದು ದಿನದ ಮೂವಿಂಗ್ ಪರ್ಮಿಟ್ ತೆಗೆದುಕೊಳ್ಳಿ. ಹಾಕಿಸಿದ ಬಿಡಿಭಾಗಗಳ ರಸೀದಿಗಳನ್ನು ಒಂದೂ ಬಿಸಾಡಬೇಡಿ. ಗುಜರಿ ಅಂಗಡಿಯಿಂದ ತಂದ ಡಿಕ್ಕಿ ಬಾಗಿಲಾದರೂ ಸರಿ, ಯಾವ ಗಾಡಿಯದು ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ.

ಹೆಚ್ಚಿನವರು ಎಡವುವುದು ಸ್ಮಾಗ್‌ನಲ್ಲಿ. ಟಿಂಕರಿಂಗ್ ಮಾಡುವವರು ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚುತ್ತಾರೆ. ಆಗ ಗಾಡಿಯ ಕಂಪ್ಯೂಟರ್ ಹೊಗೆ ನಿಯಂತ್ರಣದ ಭಾಗಗಳನ್ನು ತಾನೇ ಪರೀಕ್ಷಿಸಿ ಇಟ್ಟ ಲೆಕ್ಕ, ಅಂದರೆ ರೆಡಿನೆಸ್ ಮಾನಿಟರುಗಳೆಲ್ಲ ಸೊನ್ನೆಗೆ ಬರುತ್ತವೆ. 2000 ಮತ್ತು ಅದರ ನಂತರದ ಪೆಟ್ರೋಲ್ ಗಾಡಿಗಳಲ್ಲಿ ಇವಾಪ್ ಮಾನಿಟರ್ (ಪೆಟ್ರೋಲ್ ಆವಿಯದು) ಒಂದನ್ನು ಬಿಟ್ಟು ಉಳಿದವುಗಳಲ್ಲಿ ಯಾವುದೊಂದು ತಯಾರಿಲ್ಲದಿದ್ದರೂ, ಹೊಗೆ ಎಷ್ಟೇ ಶುದ್ಧವಾಗಿದ್ದರೂ ಪಾಸಿಲ್ಲ. ಗಾಡಿಯ ಕಂಪ್ಯೂಟರ್ ಓದುವ 20 ಡಾಲರಿನ ಓಬಿಡಿ ರೀಡರ್ ಕೊಂಡು ಮೊದಲು ನೀವೇ ನೋಡಿ. ತಯಾರಿಲ್ಲದಿದ್ದರೆ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಎರಡು ನಿಮಿಷ ಐಡಲ್ ಬಿಡಿ, ಆಮೇಲೆ ಫ್ರೀವೇಯಲ್ಲಿ ಒಂದೇ ವೇಗದಲ್ಲಿ, ಊರೊಳಗೆ ನಿಂತು ನಿಂತು ಓಡಿಸಿ. ಒಟ್ಟು 50ರಿಂದ 100 ಮೈಲಿ ಬೇಕಾಗಬಹುದು. ಮಾರುವಾಗ ಸ್ಮಾಗ್ ಸರ್ಟಿಫಿಕೇಟ್ ಕೊಡುವುದು ಮಾರುವವನ ಹೊಣೆ, ಅದಕ್ಕೆ 90 ದಿನದ ಆಯಸ್ಸು. ಹಾಗಾಗಿ ಟೈಟಲ್ ಕೈಗೆ ಬಂದ ಮೇಲೆ ಮಾರಾಟ ಎಳೆದಾಡಿದರೆ ಮತ್ತೆ ಮಾಡಿಸಬೇಕು.

ಬೆಲೆಗೆ ಬರೋಣ. ಹಳೇ ಗಾಡಿಗಳ ದರ ಹೇಳುವ ಕೆಲ್ಲಿ ಬ್ಲೂ ಬುಕ್ ಕೊಡುವುದು ಕ್ಲೀನ್ ಟೈಟಲ್‌ನ, ಅಂದರೆ ಇಂಥ ಮುದ್ರೆ ಇಲ್ಲದ ಗಾಡಿಯ ದರ. ಅದರಲ್ಲಿ ಶೇಕಡಾ 20ರಿಂದ 40 ಕಳೆಯಿರಿ. ಎಷ್ಟು ಅನ್ನುವುದು ಏಟು ಎಲ್ಲಿ ಬಿದ್ದಿತ್ತು ಅನ್ನುವುದರ ಮೇಲೆ. ಹಿಂದಿನ ಬಂಪರಿನ ಏಟು, ರಿಪೇರಿಗೆ ಮುಂಚಿನ ಫೋಟೋ ಇದ್ದರೆ 30. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಪೂರ್ತಿ 40. ನೀರಲ್ಲಿ ಮುಳುಗಿದ ಗಾಡಿಯಾದರೆ ನಾನಂತೂ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ, ವೈರಿಂಗಿನೊಳಗೆ ಹಸಿರು ತುಕ್ಕು ಯಾವತ್ತು ಎದ್ದುಬರುತ್ತದೋ ಹೇಳಲಾಗದು. ನನ್ನ ಗಾಡಿಗೆ ಕ್ಲೀನ್ ದರ 6,000 ಡಾಲರಿನ ಆಸುಪಾಸು ಇತ್ತು. 4,200 ಅಂತ ಹಾಕಿದೆ, 3,900ಕ್ಕೆ ಹೋಯಿತು.

ಜಾಹೀರಾತಿನ ಮೊದಲ ಸಾಲಿನಲ್ಲೇ ‘ರಿವೈವ್ಡ್ ಸಾಲ್ವೇಜ್’ ಅಂತ ಬರೆಯಿರಿ. ಕೊನೆಯ ಸಾಲಿನಲ್ಲಿ ಬರೆದರೆ ಅರ್ಧ ಜನ ಓದದೆ ಬರುತ್ತಾರೆ, ಟೈಟಲ್ ನೋಡಿ ಬೈದು ಹೋಗುತ್ತಾರೆ. ಮೊದಲ ಸಾಲಿನಲ್ಲಿದ್ದರೆ ಕರೆ ಕಡಿಮೆ, ಆದರೆ ಕರೆ ಮಾಡಿದವರು ಕೊಳ್ಳುವವರು. ಏಟಿನ ಫೋಟೋ ಎರಡು, ಬಿಚ್ಚಿದಾಗಿನದು ಎರಡು, ಈಗಿನದು ಹತ್ತು ಹಾಕಿ. ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕುವುದಾದರೆ ಇನ್ನೂ ಬಿಡಿಸಿ ಹೇಳಬೇಕು. ಊರಿನ ಆರ್‌ಸಿಯಲ್ಲಿ ಇಂಥ ಮುದ್ರೆ ಇರುವುದಿಲ್ಲವಾದ್ದರಿಂದ ಹೊಸದಾಗಿ ಓದಲು ಬಂದ ಹುಡುಗರು ‘ಅಂದರೆ ಏನಣ್ಣಾ, ಕದ್ದ ಗಾಡಿಯಾ?’ ಅಂತ ಕೇಳುತ್ತಾರೆ. ಬ್ಯಾಂಕುಗಳು ಇದಕ್ಕೆ ಸಾಲ ಕೊಡುವುದು ಅಪರೂಪ, ಲಯಬಿಲಿಟಿ (ಬೇರೆಯವರ ಹಾನಿಯ) ವಿಮೆ ಸುಲಭ, ಸ್ವಂತ ಗಾಡಿಯ ಹಾನಿಗೆ ವಿಮೆ ಸಿಗುವುದು ಕಷ್ಟ. ಇದನ್ನು ಅವರಿಗೆ ಮೊದಲೇ ಹೇಳಿಬಿಡಿ.

ಗೊತ್ತಿರುವ ಗಿರಾಕಿ ನೇರವಾಗಿ ಡಿಕ್ಕಿ ತೆಗೆಸುತ್ತಾನೆ. ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿಯಲ್ಲಿ ಕೈಯಾಡಿಸುತ್ತಾನೆ: ತಗಡು ಸುಕ್ಕುಗಟ್ಟಿದೆಯೇ, ಬೆಸುಗೆಯ ಅಂಚಿನಲ್ಲಿ ಸೀಲರ್ ಕಂಪನಿಯದೋ ಕೈಯಲ್ಲಿ ಬಳಿದದ್ದೋ, ನೀರು ನಿಂತ ಕಲೆ ಇದೆಯೇ. ನನ್ನದರಲ್ಲಿ ಟೈಲ್ ಲೈಟಿನ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಮಳೆನೀರು ಇಳಿಯುತ್ತಿತ್ತು. ಮಾರುವ ಮುಂಚೆ ಹೋಸ್ ಹಿಡಿದು ಐದು ನಿಮಿಷ ನೀರು ಬಿಟ್ಟಾಗ ಸಿಕ್ಕಿಬಿತ್ತು, ಹೊಸ ಗ್ಯಾಸ್ಕೆಟ್ಟಿನಲ್ಲಿ ಮುಗಿಯಿತು. ಪೇಂಟ್ ದಪ್ಪ ಅಳೆಯುವ ಮೀಟರ್ ತಂದವರೂ ಇದ್ದಾರೆ. ಕಂಪನಿ ಪೇಂಟ್ 100ರಿಂದ 150 ಮೈಕ್ರಾನ್, ಪುಟ್ಟಿ ಮೆತ್ತಿದ ಕಡೆ ಅದರ ಹಲವು ಪಟ್ಟು ತೋರಿಸುತ್ತದೆ. ಅವರು ಕೇಳುವ ಮುಂಚೆ ‘ಇಲ್ಲಿ ಪುಟ್ಟಿ ಇದೆ’ ಅಂತ ಬೆರಳಿಟ್ಟು ತೋರಿಸಿದರೆ ಚೌಕಾಶಿ ಅಲ್ಲೇ ತಣ್ಣಗಾಗುತ್ತದೆ. ಏರ್‌ಬ್ಯಾಗ್ ದೀಪವನ್ನೂ ತೋರಿಸಿ: ಕೀ ಆನ್ ಮಾಡಿದಾಗ ಹೊತ್ತಿ, ಸುಮಾರು ಆರು ಸೆಕೆಂಡಿನಲ್ಲಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಯಾರೋ ಬಲ್ಬಿಗೆ ಕೈ ಹಾಕಿರಬಹುದು. ವಿನ್ ನಂಬರ್ ಹಾಕಿ ರೀಕಾಲ್ (ದೋಷವಿರುವ ಭಾಗವನ್ನು ಕಂಪನಿಯೇ ವಾಪಸ್ ಕರೆದು ಸರಿಪಡಿಸುವುದು) ಬಾಕಿ ಇದೆಯೇ ನೋಡುವುದೂ ಮುಖ್ಯ. ಈ ಮಾಡೆಲ್ಲು ತಕಾಟಾ ಏರ್‌ಬ್ಯಾಗ್ ರೀಕಾಲಿನಲ್ಲಿತ್ತು, ನನಗೆ ಡೀಲರ್ ಬಳಿ ಪುಕ್ಕಟೆಯಾಗಿ ಬದಲಾಯಿಸಿಕೊಟ್ಟರು.

ಕೊಡುವ ದಿನ ಗಿರಾಕಿಯ ಬ್ಯಾಂಕಿನಲ್ಲೇ ಭೇಟಿಯಾಗಿ. ಕ್ಯಾಶಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್ಕು) ಅನ್ನು ಕೌಂಟರಿನಲ್ಲಿ ಕಣ್ಣೆದುರೇ ಬರೆಸಿದರೆ ಮಾತ್ರ ತೆಗೆದುಕೊಳ್ಳಿ, ನಕಲಿ ಚೆಕ್ಕುಗಳೇ ಈ ವ್ಯವಹಾರದ ದೊಡ್ಡ ಪಿಡುಗು. ಟೈಟಲ್ಲಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿನ ನಡುವೆ ‘ಅಂಡ್’ ಇದ್ದರೆ ಇಬ್ಬರೂ ಸಹಿ ಮಾಡಬೇಕು. ಒಬ್ಬರು ಮೂರು ತಿಂಗಳು ಬೆಂಗಳೂರಿಗೆ ಹೋಗಿದ್ದರೆ ಮಾರಾಟ ಅಲ್ಲಿಗೇ ನಿಂತಿತು. ‘ಆರ್’ (ಅಥವಾ) ಇದ್ದರೆ ಒಬ್ಬರ ಸಹಿ ಸಾಕು. ಟೈಟಲ್ ಮೇಲೆ ತಿದ್ದುವುದು, ವೈಟ್ನರ್ ಬಳಿಯುವುದು ಬೇಡ. ಬಿಲ್ ಆಫ್ ಸೇಲ್‌ನಲ್ಲಿ (ರೆಗ್ 135) ‘ರಿವೈವ್ಡ್ ಸಾಲ್ವೇಜ್ ಎಂದು ತಿಳಿಸಲಾಗಿದೆ, ಇದ್ದ ಸ್ಥಿತಿಯಲ್ಲಿ ಮಾರಾಟ’ ಅನ್ನುವ ಅರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಓಡೋಮೀಟರ್ ಘೋಷಣೆ 2010 ಮತ್ತು ಅದಕ್ಕೂ ಹಳೆಯ ಮಾಡೆಲ್ಲುಗಳಿಗೆ ಬೇಕಿಲ್ಲ. 2011ರಿಂದ ಈಚಿನವಕ್ಕೆ 20 ವರ್ಷ ತುಂಬುವವರೆಗೆ ಬೇಕು. ತೆರಿಗೆ ಉಳಿಸಲು ಕಾಗದದಲ್ಲಿ ಬೆಲೆ ಕಡಿಮೆ ಬರೆಯಿರಿ ಅಂತ ಗಿರಾಕಿ ಕೇಳಬಹುದು. ಒಪ್ಪಬೇಡಿ, ಸುಳ್ಳಿಗೆ ಬೀಳುವುದು ನಿಮ್ಮ ಸಹಿಯೂ ಹೌದು.

ಗಾಡಿ ಹೋದ ಸಂಜೆಯೇ ಡಿಎಂವಿ ಸೈಟಿನಲ್ಲಿ ಗಾಡಿಯ ಹೊಣೆ ಇನ್ನು ನನ್ನದಲ್ಲ ಅಂತ ತಿಳಿಸುವ ರಿಲೀಸ್ ಆಫ್ ಲಯಬಿಲಿಟಿ (ರೆಗ್ 138) ತುಂಬಿಸಿ. ನಿಯಮ 5 ದಿನ ಅನ್ನುತ್ತದೆ, ಕಾಯಬೇಕಾದ್ದೇನೂ ಇಲ್ಲ. ವಿಮೆ ರದ್ದು ಮಾಡುವುದು ಅದರ ನಂತರ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ನಂಬರ್ ಪ್ಲೇಟು ಗಾಡಿಯ ಜೊತೆಗೇ ಹೋಗುತ್ತದೆ. ಆದ್ದರಿಂದ ಟೋಲು ಕಟ್ಟುವ ಫಾಸ್‌ಟ್ರ್ಯಾಕ್ ಡಬ್ಬಿಯನ್ನು ಗಾಜಿನಿಂದ ಕಿತ್ತುಕೊಂಡರೆ ಸಾಲದು, ಖಾತೆಯೊಳಗೆ ಹೋಗಿ ಪ್ಲೇಟ್ ನಂಬರನ್ನೂ ತೆಗೆದುಹಾಕಿ. ಇಲ್ಲದಿದ್ದರೆ ಕೊಂಡವನು ಬೇ ಬ್ರಿಜ್ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೋದಾಗಲೆಲ್ಲ ಟೋಲು ನಿಮ್ಮ ಕಾರ್ಡಿನಿಂದ ಕಟ್ಟಾಗುತ್ತದೆ.